ಪಾಠದ ಜೊತೆ ಕ್ಲೆಯೊನೀಕಿಯ ಜಗಳ

ಗ್ರೀಸಿನ ಕರ್ದಿತ್ಸಾ ಬಯಲಿನ ನಮ್ಮ ಊರಿನಲ್ಲಿ ಯಾರಿಗಾದರೂ ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರೆ, ಅವರು ಔಷಧಿಯ ಹೆಸರು ಕೇಳುವುದಿಲ್ಲ. "ಇವತ್ತು ಕ್ಲೆಯೊನೀಕಿ ಇದ್ದಾಳಾ?" ಎಂದು ಕೇಳುತ್ತಾರೆ. ಆರೋಗ್ಯ ಕೇಂದ್ರದ ಹಿಂಬದಿಯ ಆ ಪುಟ್ಟ ಕೋಣೆಯ ಬೋರ್ಡಿನಲ್ಲಿ ಏನು ಬರೆದಿದೆಯೋ ಓದಿದವರಿಲ್ಲ. ಎಲ್ಲರ ಬಾಯಲ್ಲೂ ಅದು ಕ್ಲೆಯೊನೀಕಿಯ ಕೋಣೆ. ಜಗಳ ಮಾಡಿ ಗೋಡೆಗೆ ಹಳದಿ ಬಣ್ಣ ಹೊಡೆಸಿದವಳು ಅವಳು. ಅಳುವ ಮಕ್ಕಳು ನೋಡಲೆಂದು ಕಿಟಕಿಯ ಹತ್ತಿರ ಮೀನಿನ ತೊಟ್ಟಿ ತಂದಿಟ್ಟವಳೂ ಅವಳೇ. ಅವಳು ಸೂಜಿ ಚುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅವಳು ನಿಮ್ಮ ಜೊತೆ ವಾದಕ್ಕೆ ಇಳಿದಿರುತ್ತಾಳೆ.

"ಟ್ರ್ಯಾಕ್ಟರ್ ಓಡಿಸಿ ಸೊಂಟ ಹಿಡ್ಕೊಂಡಿದೆ ಕ್ಲೆಯೊನೀಕಿ," ಎಂದು ನೀವು ಶುರು ಮಾಡಿದರೆ, "ಟ್ರ್ಯಾಕ್ಟರೂ ಅಲ್ಲ, ಗೀಕ್ಟರೂ ಅಲ್ಲ. ನಿಮ್ಮನೆ ಸೋಫಾ. ಎತ್ತಿ ಬಿಸಾಕಿ ಅದನ್ನ," ಎಂದು ಅವಳು ಮುಗಿಸುತ್ತಾಳೆ. ಯಾರ ಮಾತನ್ನೂ ಕೊನೆಯವರೆಗೆ ಕೇಳಿದ ದಾಖಲೆ ಅವಳ ಜೀವನದಲ್ಲಿ ಇರಲಿಲ್ಲ. ಅರ್ಧ ಕೇಳಿದರೆ ಉಳಿದರ್ಧ ತನಗೆ ಗೊತ್ತು ಎಂಬ ನಂಬಿಕೆ. ನಿಜ ಹೇಳಬೇಕೆಂದರೆ ಹೆಚ್ಚಿನ ಸಲ ಅದು ಸರಿಯೂ ಆಗಿರುತ್ತಿತ್ತು, ಅದೇ ಅವಳನ್ನು ಕೆಡಿಸಿದ್ದು.

ಇಂಥವಳು ಆ ಕೋಣೆಯಲ್ಲಿ ಇದ್ದದ್ದು ಮಾತ್ರ ಗುತ್ತಿಗೆಯ ಮೇಲೆ. ವರ್ಷ ವರ್ಷ ಗುತ್ತಿಗೆ ಮುಂದುವರಿಯುತ್ತಿತ್ತು, ವರ್ಷ ವರ್ಷ ಅವಳ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಕೊನೆಗೂ ಆ ಹುದ್ದೆಯನ್ನು ಕಾಯಂ ಮಾಡುತ್ತಾರೆಂಬ ಸುದ್ದಿ ಬಂತು. ಆದರೆ ಜೊತೆಗೊಂದು ಬಾಲ: ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೆ ಹೆಚ್ಚು ಅಂಕ. ಆ ಅಂಕ ಇಲ್ಲದಿದ್ದರೆ ಕೋಣೆ ಬೇರೆ ಯಾರದೋ ಪಾಲಾಗುತ್ತದೆ, ಕ್ಲೆಯೊನೀಕಿ ಹೆಸರೂ ಕೇಳದ ಯಾವುದೋ ದ್ವೀಪಕ್ಕೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ನಮ್ಮ ಊರಿಗೆ ಇಂಗ್ಲಿಷಿನವನು ಬಂದದ್ದು ಒಂದೇ ಸಲ, ಅದೂ ದಾರಿ ತಪ್ಪಿ. ಅದನ್ನು ಸರಕಾರಕ್ಕೆ ಹೇಳುವವರು ಯಾರು?

"ಅದೇನ್ ಬ್ರಹ್ಮವಿದ್ಯೆನಾ? ಹದಿನೈದರ ಹುಡುಗರು ಪಾಸ್ ಮಾಡ್ತಾವೆ," ಎಂದು ಕ್ಲೆಯೊನೀಕಿ ಮೊದಲ ಸಲ ಯಾರ ಸಹಾಯವೂ ಇಲ್ಲದೆ ಹೋಗಿ ಕುಳಿತಳು. ಓದಿ ಅರ್ಥ ಮಾಡಿಕೊಂಡು ಉತ್ತರಿಸುವ ಪತ್ರಿಕೆಯಲ್ಲಿ ಹೃದ್ರೋಗದ ಬಗ್ಗೆ ಒಂದು ಪಾಠ ಬಂದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಕಾರ್ಡಿಯಾಲಜಿ, ಥೆರಪಿ, ಸಿಂಪ್ಟಮ್, ಹೈಪೋಥಿಸಿಸ್: ದೊಡ್ಡ ದೊಡ್ಡ ಮಾತೆಲ್ಲ ಗ್ರೀಕಿನದೇ. ಹೊರಗೆ ಬಂದವಳೇ ಗಂಡ ಲಾಜರೋಸ್‌ಗೆ ಫೋನ್ ಮಾಡಿ, "ನಮ್ಮನೆ ಪಾತ್ರೆ ಎತ್ಕೊಂಡೋಗಿ ನಮಗೇ ಊಟ ಬಡಿಸ್ತಾರೆ ಕಣೋ ಈ ಇಂಗ್ಲಿಷಿನೋರು!" ಎಂದಳು. ಆ ಸಂಜೆ ಸಾರಾಯಿ ಅಂಗಡಿಯಲ್ಲಿ ಬೀದಿಯವರಿಗೆಲ್ಲ ಅವಳದೇ ಖರ್ಚಿನಲ್ಲಿ ಸಿಪುರೋ ಎಂಬ ನಮ್ಮ ದ್ರಾಕ್ಷಿ ಸಾರಾಯಿ, ಹುರಿದ ಮೀನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ನಪಾಸು. ಅದೂ ಪಾಸಿನ ಹತ್ತಿರಕ್ಕೂ ಸುಳಿಯದಂತೆ. ದೊಡ್ಡ ಮಾತುಗಳ ಮೇಲೆ ಕಾಲಿಟ್ಟು ಹಾರಿಕೊಂಡು ಹೋದವಳಿಗೆ ನಡುವಿನ "ಬಹುಶಃ", "ಅಪರೂಪಕ್ಕೆ", "ಹೊರತು" ಎಂಬ ಚಿಕ್ಕ ಇಂಗ್ಲಿಷ್ ಮಾತುಗಳು ಕಣ್ಣಿಗೇ ಬಿದ್ದಿರಲಿಲ್ಲ. ಔಷಧಿ ಅಪರೂಪಕ್ಕೆ ಕೆಲಸ ಮಾಡುತ್ತದೆ ಎಂದು ಬರೆದಿದ್ದರೆ ಇವಳು ಕೆಲಸ ಮಾಡುತ್ತದೆ ಎಂದು ಓದಿಕೊಂಡಿದ್ದಳು. ಇದು ನಮ್ಮ ಜನಕ್ಕೇ ಮೀಸಲಾದ ತಪ್ಪು, ಬೇರೆ ದೇಶದವರು ಬಯಸಿದರೂ ಮಾಡಲಾರರು.

"ಹಾಗಾದ್ರೆ ಅವತ್ತು ಯಾವ ಖುಷಿಗೆ ಕುಡಿದ್ವಿ?" ಎಂದು ಲಾಜರೋಸ್ ಕೇಳಿದ.

"ಬಾಯ್ ಮುಚ್ಕೊಂಡು ಊಟ ಮಾಡು."

ಎರಡನೆಯ ಸಲ ಚಿಕ್ಕ ಮಾತುಗಳನ್ನೂ ಕಲಿತುಕೊಂಡೇ ಹೋದಳು. ಆದರೂ ಪಾಠದಲ್ಲಿ ಜ್ವರದ ಬಗ್ಗೆ ಬರೆದವನು ಮಕ್ಕಳ ವಿಷಯದಲ್ಲಿ ತಪ್ಪು ಹೇಳುತ್ತಿದ್ದಾನೆ ಎನಿಸಿ, ಅವನು ಹೇಳಿದ್ದನ್ನು ಬಿಟ್ಟು ನಿಜವಾಗಿ ಏನು ಮಾಡಬೇಕೋ ಅದಕ್ಕೇ ಗುರುತು ಹಾಕಿ ಬಂದಳು. ಮತ್ತೆ ನಪಾಸು. "ಪ್ರಶ್ನೆಪತ್ರಿಕೆನೇ ತಪ್ಪು," ಎಂದಳು. ಇನ್ನು ಉಳಿದದ್ದು ಚಳಿಗಾಲದ ಒಂದು ಪರೀಕ್ಷೆ. ಅದರ ಫಲಿತಾಂಶ ಬಂದ ಮೇಲೆ ಕಾಯಂ ಪಟ್ಟಿ ಮುಚ್ಚಿಬಿಡುತ್ತಿತ್ತು.

ಆಗ ಅವಳು ಥೆಕ್ಲಾ ಟೀಚರ ಮೆಟ್ಟಿಲು ಹತ್ತಿದಳು.

ಚೀಸ್ ಕಡುಬಿನ ಅಂಗಡಿಯ ಮಹಡಿಯಲ್ಲಿ ಥೆಕ್ಲಾ ಇಂಗ್ಲಿಷ್ ಟ್ಯೂಷನ್ ನಡೆಸುತ್ತಿದ್ದರು. ನಮ್ಮ ಊರಿನ ಅರ್ಧಕ್ಕರ್ಧ ಜನ ಬೆಣ್ಣೆಯ ವಾಸನೆ ಕುಡಿಯುತ್ತಲೇ ಅಲ್ಲಿ ಇಂಗ್ಲಿಷ್ ಕಲಿತವರು. ಮದುವೆಯಾಗದ, ಕಡ್ಡಿಯಂಥ ಮೈಯ, ಎಪ್ಪತ್ತಕ್ಕೆ ಹತ್ತಿರವಾದ ಹೆಂಗಸು. ಕಾರ್ಯದರ್ಶಿಯಿಂದ ಕಟುಕನವರೆಗೆ ಎಲ್ಲರನ್ನೂ "ನೀನು" ಎನ್ನುವ ಅಧಿಕಾರ ಇರುವವರು. ಕ್ಲೆಯೊನೀಕಿಯ ಹಳೆಯ ಉತ್ತರಗಳನ್ನೆಲ್ಲ ಬಾಯಲ್ಲೇ ಕೇಳಿ ತಿಳಿದುಕೊಂಡು, ಕನ್ನಡಕ ತೆಗೆದು ಒರೆಸಿದರು.

"ನಿನಗೆ ಇಂಗ್ಲಿಷ್ ಬರುತ್ತೆ ಕಣೆ. ಓದೋಕೆ ಬರಲ್ಲ."

"ಅದೆಂಗೆ ಟೀಚರ್?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ನೀನು. ಯಾರು ಏನು ಹೇಳಿದ್ರು ಅಂತ ನೋಡೋಕೆ ನಿನಗೆಲ್ಲಿ ಪುರುಸೊತ್ತು? ಬರೆದೋನನ್ನ ಮನೆಗೆ ಬಂದ ನೆಂಟ ಅನ್ಕೋ. ಊಟ ಮುಗಿಸೋಕೆ ಬಿಡು. ಆಮೇಲೆ ಬೇಕಾದ್ರೆ ಬಾಗಿಲು ತೋರಿಸು."

ಹೀಗೆ ನಲವತ್ತೇಳರ ಕ್ಲೆಯೊನೀಕಿ ಹದಿನೈದರ ಮಕ್ಕಳ ನಡುವೆ, ಮೊಣಕಾಲು ಹಿಡಿಸದ ಬೆಂಚಿನಲ್ಲಿ ಕುಳಿತಳು. ಆ ಮಕ್ಕಳಿಗೆಲ್ಲ ಲಸಿಕೆ ಚುಚ್ಚಿದ್ದು ಅವಳೇ. ಸೇಡು ತೀರಿಸಿಕೊಳ್ಳಲು ಅವಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವಂತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಮಿರ್ತೋ ಎಂಬ ಹುಡುಗಿ ಮೊದಲ ದಿನವೇ, "ಹೆದರ್ಕೋಬೇಡಿ ಆಂಟಿ, ನೋವೇ ಆಗಲ್ಲ, ಇರುವೆ ಕಚ್ಚಿದ ಹಾಗೆ," ಎಂದು ಅವಳದೇ ಮಾತನ್ನು ಅವಳಿಗೇ ಒಪ್ಪಿಸಿದಳು.

ಮೊದಲ ಪಾಠ ಆರೋಗ್ಯದ್ದು, ಮಧ್ಯಾಹ್ನದ ನಿದ್ದೆಯ ಬಗ್ಗೆ. ಹೆಚ್ಚು ಹೊತ್ತು ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ ಎಂದು ಬರೆದಿದ್ದ ಯಾರೋ ಪುಣ್ಯಾತ್ಮ. ಎರಡನೇ ಸಾಲಿಗೇ ಕ್ಲೆಯೊನೀಕಿ ಎದ್ದು ನಿಂತಳು.

"ಜುಲೈ ತಿಂಗಳಲ್ಲಿ ಇಲ್ಲಿಗೆ ಬರೋಕೆ ಹೇಳಿ ಟೀಚರ್ ಅವನಿಗೆ! ಕಾಗೆ ಕೂಡ ಹಾರಲ್ಲ ಆ ಬಿಸಿಲಿಗೆ! ಮಲಗದೆ ಏನ್ ಮಾಡಬೇಕಂತೆ, ಗದ್ದೇಲಿ ಕುಣೀಬೇಕಂತಾ?"

ಮಕ್ಕಳು ಚಪ್ಪಾಳೆ ತಟ್ಟಿದರು. ಥೆಕ್ಲಾ ಒಳಗೆ ಹೋಗಿ ಒಂದು ಲೋಟ ತಣ್ಣೀರು ತಂದರು. ಅದರಲ್ಲೊಂದು ಚಮಚ, ಚಮಚಕ್ಕೆ ಅಂಟಿದ ಬಿಳಿಯ ವನಿಲಾ ಸಿಹಿಯ ಉಂಡೆ. ನಮ್ಮಲ್ಲಿ ಮಕ್ಕಳಿಗೂ ನೆಂಟರಿಗೂ ಕೊಡುವ ಈ ಸಿಹಿ ಬಾಯಿಗೆ ಹೋದರೆ ನಾಲಿಗೆಗೆ ಬೇರೆ ಕೆಲಸ ಉಳಿಯುವುದಿಲ್ಲ, ಅಂಟೆಂದರೆ ಅಂಟು.

"ಬಾಯಿಗಿಟ್ಕೋ. ಪಾಠದ ಕೊನೇ ಚುಕ್ಕೆ ಮುಟ್ಟೋವರೆಗೂ ಚಮಚ ಈಚೆ ಬರಬಾರದು."

ಅವಳು ಇಟ್ಟುಕೊಂಡಳು. ಐದನೇ ಸಾಲಿಗೆ ಮುಖ ಕೆಂಪಾಯಿತು. ಏಳನೆಯದಕ್ಕೆ "ಮ್ಮ್ಮ್!" ಎಂದು ಮೇಜು ಗುದ್ದಿದಳು. ಕೊನೆಗೆ ನೋಡಿದರೆ ಆ ಪುಣ್ಯಾತ್ಮ ಬಿಸಿಲಿನ ದೇಶಗಳ ಮಾತೇ ಬೇರೆ ಎಂದು ತಾನಾಗಿಯೇ ಒಪ್ಪಿಕೊಂಡಿದ್ದ. ಕ್ಲೆಯೊನೀಕಿ ಚಮಚ ತೆಗೆದಳು, ಹೇಳಲು ಏನೂ ಉಳಿದಿರಲಿಲ್ಲ. ಜಗಳಕ್ಕೆ ಸೊಂಟ ಕಟ್ಟಿ ನಿಂತವಳ ಎದುರಿಂದ ಶತ್ರುವೇ ಎದ್ದು ಹೋದರೆ ಹೇಗಾಗಬೇಡ? ಅವಳಿಗೆ ಮೋಸವಾದಂತೆ ಅನಿಸಿತು.

ವಿಜ್ಞಾನದ ಪಾಠಗಳಲ್ಲಿ ಇನ್ನೂ ಕಷ್ಟ. ಕೊಕ್ಕರೆಗಳು ಈಚೆಗೆ ಚಳಿಗಾಲಕ್ಕೆ ವಲಸೆ ಹೋಗದೆ ಕಸದ ಗುಡ್ಡೆಗಳ ಹತ್ತಿರವೇ ಉಳಿಯುತ್ತಿವೆ ಎಂದು ಒಂದು ಪಾಠ. ನಮ್ಮ ಚರ್ಚಿನ ಗಂಟೆಗೋಪುರದ ಕೊಕ್ಕರೆ ಪ್ರತಿ ಆಗಸ್ಟಿಗೆ ಹೊರಡುವುದನ್ನು ಕಣ್ಣಾರೆ ಕಂಡವಳು ಅದನ್ನು ಹೇಗೆ ನುಂಗಬೇಕು? ಸಿಹಿಯ ಜೊತೆ ನುಂಗಿದಳು. ಪಾಠದ ಕೊಕ್ಕರೆಗಳು ಸ್ಪೇನ್ ದೇಶದವು ಎಂಬುದು ಅವಳಿಗೆ ಗೊತ್ತಾದದ್ದು ಆಮೇಲೆ. ದಿನ ಕಳೆದಂತೆ ಸಿಹಿಯ ಉಂಡೆ ಚಿಕ್ಕದಾಯಿತು. ಲಾಜರೋಸ್ ಮಾತ್ರ, "ಇಂಗ್ಲಿಷ್ ಬರುತ್ತೋ ಇಲ್ವೋ, ಸಕ್ಕರೆ ಕಾಯಿಲೆಯಂತೂ ಬರುತ್ತೆ," ಎನ್ನುತ್ತಿದ್ದ. ಹಾಗೆ ಹೇಳಿದರೂ ಅವಳು ಟ್ಯೂಷನ್‌ಗೆ ಹೋಗುವ ಸಂಜೆ ಅಡುಗೆ ಅವನೇ ಮಾಡಿಡುತ್ತಿದ್ದ.

ನವೆಂಬರಿನಲ್ಲಿ ಭಾಷೆಗಳ ಬಗ್ಗೆ ಒಂದು ಪಾಠ ಬಂತು. ಎಲ್ಲೋ ಉತ್ತರದ ಕಡಲ ತೀರದಲ್ಲಿ ಒಬ್ಬ ಮುದುಕಿ. ಅವಳ ಭಾಷೆ ಆಡುವವರು ಯಾರೂ ಉಳಿದಿಲ್ಲ. ಅವಳು ದಿನಾ ಬೆಳಗ್ಗೆ ತನ್ನ ಕೋಳಿಗಳ ಜೊತೆ ಆ ಭಾಷೆಯಲ್ಲಿ ಮಾತಾಡುತ್ತಾಳೆ. ಕ್ಲೆಯೊನೀಕಿ ಚಮಚವನ್ನು ಬಾಯಿಗಿಡುವುದನ್ನೇ ಮರೆತು ಓದಿದಳು. ಒಂದು ಮಾತಿಲ್ಲ, ಒಂದು ಗುದ್ದಿಲ್ಲ. ಮಿರ್ತೋ ಗಾಬರಿಯಾಗಿ ಅವಳ ಮುಖ ನೋಡಿದಳು.

"ಹುಷಾರಾಗಿದ್ದೀರಾ ಆಂಟಿ?"

"ಸುಮ್ನಿರೇ. ಇವನು ಸರಿಯಾಗಿ ಹೇಳ್ತಿದ್ದಾನೆ."

ಉತ್ತರಗಳಿಗೆ ಗುರುತು ಹಾಕಿ, ಗೆದ್ದವಳಂತೆ ಮುಂದಿಟ್ಟಳು. ಥೆಕ್ಲಾ ಒಂದರ ಮೇಲೆ ಬೆರಳಿಟ್ಟರು. ಮುದುಕಿ ಕೋಳಿಗಳ ಜೊತೆ ಏಕೆ ಮಾತಾಡುತ್ತಾಳೆ ಎಂಬ ಪ್ರಶ್ನೆ. ಮನೆಯವರು ಅವಳ ಭಾಷೆ ಕೇಳಿ ನಗುತ್ತಿದ್ದರು ಎಂಬ ಉತ್ತರಕ್ಕೆ ಕ್ಲೆಯೊನೀಕಿ ಗುರುತು ಹಾಕಿದ್ದಳು.

"ಇದು ಎಲ್ಲಿದೆ ತೋರಿಸು."

ಅವಳು ಹುಡುಕಿದಳು. ಮೊದಲಿಂದ ಹುಡುಕಿದಳು. ಪಾಠದಲ್ಲಿ ಇದ್ದದ್ದು ಬೇರೆ: ಮೀನುಗಳ ಹೆಸರು ಮರೆತುಹೋಗಬಾರದೆಂದು ಮುದುಕಿ ಮಾತಾಡುತ್ತಿದ್ದಳು. ನಗುವ ಮನೆಯವರು ಎಲ್ಲಿಯೂ ಇರಲಿಲ್ಲ.

"ನಮ್ಮಜ್ಜಿ ವ್ಲಾಖ್ ಭಾಷೆ ಮಾತಾಡ್ತಿದ್ಲು ಟೀಚರ್," ಎಂದಳು ಕ್ಲೆಯೊನೀಕಿ, ದನಿ ತಗ್ಗಿಸಿ. "ಬೆಟ್ಟದಿಂದ ಕುರಿ ಹೊಡ್ಕೊಂಡು ಬಯಲಿಗೆ ಇಳಿದ ಜನ. ಅವಳು ಬಾಯ್ ಬಿಟ್ರೆ ನಮ್ಮಮ್ಮ ನಗೋಳು. ಅಮ್ಮ ನಕ್ರೆ ನಾವೂ ನಗ್ತಿದ್ವಿ. ಕೊನೆಕೊನೆಗೆ ಅಜ್ಜಿ ಮೇಕೆ ಹತ್ರ ಬಿಟ್ಟು ಬೇರೆ ಯಾರ ಹತ್ರಾನೂ ಮಾತಾಡ್ತಿರಲಿಲ್ಲ."

ಥೆಕ್ಲಾ ಅವಳ ಭುಜದ ಮೇಲೆ ಕೈಯಿಟ್ಟರು, ಆದರೆ ಉತ್ತರವನ್ನು ಬಿಟ್ಟುಕೊಡಲಿಲ್ಲ. ಅವರಲ್ಲಿ ನನಗೆ ಇಷ್ಟವಾಗುವುದು ಅದೇ.

"ಅದು ನಿಮ್ಮಜ್ಜಿ ಕತೆ. ಇದು ಈ ಮುದುಕಿದು. ಇವಳನ್ನ ಎಬ್ಬಿಸಿ ಆ ಜಾಗದಲ್ಲಿ ನಿಮ್ಮಜ್ಜೀನ ಕೂರಿಸಿಬಿಟ್ಯಲ್ಲೇ. ಇವಳು ಏನು ಹೇಳಿದ್ಲು ಅಂತ ಇನ್ಯಾರು ಕೇಳಬೇಕು?"

"ಜಗಳ ಆಡಿದ್ರೂ ತಪ್ಪು, ಒಪ್ಕೊಂಡ್ರೂ ತಪ್ಪು! ಮತ್ತೇನ್ ಮಾಡ್ಲಿ ನಾನು?"

"ಮೊದಲು ಕೇಳು. ಎರಡಕ್ಕೂ ಆಮೇಲೆ ಟೈಮ್ ಇದೆ."

ಆ ಸಂಜೆ ಕ್ಲೆಯೊನೀಕಿ ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ನಡೆದಳು. ಅಜ್ಜಿ ಮೇಕೆಗೆ ಏನು ಹೇಳುತ್ತಿದ್ದಳು ಎಂದು ಒಮ್ಮೆಯಾದರೂ ಕೇಳಬಹುದಿತ್ತು ಎಂದು ಅವಳಿಗೆ ತುಂಬಾ ನೋವಾಯಿತು. ಅತ್ತಳೆಂದೂ ಹೇಳುತ್ತಾರೆ, ನಾನು ನೋಡಿಲ್ಲ.

ಪರೀಕ್ಷೆ ಲಾರಿಸಾ ಪಟ್ಟಣದಲ್ಲಿ. ಡಿಸೆಂಬರ್, ಮಂಜು ಬಯಲನ್ನೆಲ್ಲ ಮುಚ್ಚಿತ್ತು. ಲಾಜರೋಸ್ ಬೆಳಗ್ಗೆಯೇ ಎದ್ದು ಪಿಕಪ್ಪಿನಲ್ಲಿ ಅವಳನ್ನು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ, ಅವನಿಗೆ ಅದೇ ಹೆದರಿಕೆಯಾಯಿತು. ಒಳಗೆ ಹೋಗುವಾಗ ಮಾತ್ರ, "ಕೋಣೆ ನಂದು. ಇವತ್ತು ತಗೊಂಡೇ ಬರ್ತೀನಿ," ಎಂದಳು.

ಜೇನುಹುಳಗಳ ಪಾಠ ಸಲೀಸಾಗಿ ಮುಗಿಯಿತು. ಎರಡು ಭಾಷೆ ಕಲಿಯುವ ಮಕ್ಕಳ ಪಾಠವೂ ಮುಗಿಯಿತು. ಮೂರನೆಯದನ್ನು ತಿರುಗಿಸಿ ನೋಡಿದರೆ, ಬೆನ್ನಿಗೆ ಗಾಜಿನ ಲೋಟ ಹಚ್ಚುವ ಚಿಕಿತ್ಸೆ!

ಇಷ್ಟು ವಿಷಯವಿರುವ ಲೋಕದಲ್ಲಿ ಅದೇ ಬರಬೇಕೇ? ಮುಳ್ಳುಚಮಚಕ್ಕೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಬೆಂಕಿ ಹಚ್ಚಿ, ಲೋಟದೊಳಗೆ ಒಮ್ಮೆ ಆಡಿಸಿ, ಸರಕ್ಕನೆ ಬೆನ್ನಿಗೆ ಮಗುಚಿದರೆ ಚರ್ಮ ಉಬ್ಬಿ ಲೋಟ ಕಚ್ಚಿಕೊಳ್ಳುತ್ತದೆ. ಕೆಮ್ಮು, ಶೀತ, ಬೆನ್ನುಹಿಡಿತ ಯಾವುದಕ್ಕಾದರೂ ನಮ್ಮ ಬೀದಿಯಲ್ಲಿ ಇದೇ ಮದ್ದು, ಹಚ್ಚುವವಳು ಕ್ಲೆಯೊನೀಕಿ. ಹಗಲು ಸರಕಾರಿ ಸೂಜಿ, ಸಂಜೆ ಅಮ್ಮನಿಂದ ಬಂದ ಲೋಟ. ಡಾಕ್ಟರು ಎಷ್ಟು ನಗಾಡಿದರೂ ಅವಳು ಎರಡನ್ನೂ ಬಿಟ್ಟವಳಲ್ಲ.

ಬರೆದವನು ಶುರುವಿನಲ್ಲೇ ಹೇಳಿಬಿಟ್ಟಿದ್ದ: ಇದರಿಂದ ರೋಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ, ಉಳಿಯುವುದು ಬೆನ್ನ ಮೇಲಿನ ಕೆಂಪು ಉಂಗುರಗಳು ಮಾತ್ರ. ಕ್ಲೆಯೊನೀಕಿಯ ಕಿವಿ ಬಿಸಿಯಾಯಿತು. ನಿನ್ನ ಬೆನ್ನು ಇಲ್ಲಿ ಕೊಡು, ತೋರಿಸುತ್ತೇನೆ ಆಧಾರ ಎಂದು ಮನಸ್ಸಿನಲ್ಲೇ ಬೈದಳು. ಆ ಕೋಪದಲ್ಲಿ ನೇರವಾಗಿ ಪ್ರಶ್ನೆಗೆ ಹಾರಿದಳು. ಜನ ಈ ಚಿಕಿತ್ಸೆಗೆ ಮತ್ತೆ ಮತ್ತೆ ಏಕೆ ಹೋಗುತ್ತಾರೆ? ಮೊದಲ ಉತ್ತರ, ಅದು ಮೈಯಿಂದ ಶೀತವನ್ನು ಎಳೆದು ತೆಗೆಯುತ್ತದೆ. ಇನ್ನೇನು ಬೇಕು! ಪೆನ್ಸಿಲ್ ಆ ಚೌಕದ ಮೇಲೆ ಬಂದು ನಿಂತಿತು.

ಅಲ್ಲೇ ಅವಳು ತಡೆದುಕೊಂಡಳು. ನೆಂಟ ಇನ್ನೂ ಊಟ ಮುಗಿಸಿರಲಿಲ್ಲ. ಕೊನೆಯ ಭಾಗವನ್ನು ಅವಳು ಓದಿರಲೇ ಇಲ್ಲ. ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಿಂದಕ್ಕೆ ಹೋದಳು.

ಕೊನೆಯಲ್ಲಿ ಅವನು ಬರೆದಿದ್ದ: ಕಾಯಿಲೆಯವರನ್ನು ಎಲ್ಲರೂ ಬೇಗ ಬೇಗ ನೋಡಿ ಕಳಿಸುತ್ತಾರೆ. ಲೋಟ ಹಚ್ಚುವವರು ಮಾತ್ರ ಅದು ತಣ್ಣಗಾಗುವವರೆಗೆ ಪಕ್ಕದಲ್ಲಿ ಕೂರಲೇಬೇಕು. ಜನ ಮರಳಿ ಹೋಗುವುದು ಲೋಟಕ್ಕಲ್ಲ, ಹಾಗೆ ಕೂರುವವರಿಗಾಗಿ.

ಕ್ಲೆಯೊನೀಕಿ ಅದನ್ನು ಎರಡು ಸಲ ಓದಿದಳು. ಇವನು ನನ್ನನ್ನು ಬೈಯುತ್ತಿದ್ದಾನೋ ಹೊಗಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ, ಅವನು ಹೇಳಿದ್ದೇನು ಎಂಬುದು ಸ್ಪಷ್ಟವಾಗಿತ್ತು. ಯಾರೋ ಪಕ್ಕದಲ್ಲಿ ಕೂರುತ್ತಾರೆ ಎಂಬ ಕೊನೆಯ ಉತ್ತರಕ್ಕೆ ಗುರುತು ಹಾಕಿದಳು. ಉಳಿದ ಪ್ರಶ್ನೆಗಳಿಗೂ ಅವನು ಹೇಳಿದ ಹಾಗೆಯೇ ಹಾಕಿದಳು, ಒಂದಕ್ಕೂ ತನ್ನ ಮಾತು ಸೇರಿಸದೆ. ಒಬ್ಬರ ಮಾತನ್ನು ಪೂರ್ತಿ ಕೇಳಿದರೆ ಸೋತ ಹಾಗೆ ಎಂದು ಇಷ್ಟು ವರ್ಷ ಅವಳು ನಂಬಿದ್ದಳು. ಈಗ ಪೂರ್ತಿ ಕೇಳಿಯಾಗಿತ್ತು, ಅವಳು ಒಂದಿಂಚೂ ಅಲುಗಿರಲಿಲ್ಲ. ಹೊರಗೆ ಬಂದವಳನ್ನು ಲಾಜರೋಸ್ ಕೇಳಿದ:

"ಸಿಪುರೋ ಆರ್ಡರ್ ಮಾಡ್ಲಾ?"

"ಈಗ್ಬೇಡ. ಸೂಪ್ ಕುಡಿಸು, ಚಳಿ ಆಗ್ತಿದೆ."

ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಪಾಸು. ಓದಿನ ಪತ್ರಿಕೆಯಲ್ಲಿ ಅವಳಿಗೆ ಬಂದಷ್ಟು ಅಂಕ ಮಿರ್ತೋಗೂ ಬಂದಿರಲಿಲ್ಲ. ಆ ತಿಂಗಳ ಕೊನೆಗೆ ಕಾಯಂ ಪಟ್ಟಿಯೂ ಬಂತು, ಕೋಣೆ ಕ್ಲೆಯೊನೀಕಿಯದೇ ಆಯಿತು. ಆರೋಗ್ಯ ಕೇಂದ್ರದ ಎದುರು ಜನ ಅವಳನ್ನು ಮುತ್ತಿಕೊಂಡರು. ಅವಳು ಎಲ್ಲರ ಕೈಯನ್ನೂ ಬಿಡಿಸಿಕೊಂಡು, ಸೈಕಲ್ ಹತ್ತಿ ಕಡುಬಿನಂಗಡಿಗೆ ಹೋದಳು.

ಟ್ಯೂಷನ್ ಬಾಗಿಲು ಹಾಕಿತ್ತು. "ಟೀಚರಿಗೆ ಹುಷಾರಿಲ್ಲ, ಮಕ್ಕಳನ್ನೆಲ್ಲ ವಾಪಸ್ ಕಳಿಸಿಬಿಟ್ರು," ಎಂದ ಕೆಳಗಿನ ಅಂಗಡಿಯವ. ಕ್ಲೆಯೊನೀಕಿ ಪಾಠದ ಕೋಣೆಯ ಹಿಂದಿನ ಮನೆಯ ಬಾಗಿಲು ತಟ್ಟಿದಳು. ಥೆಕ್ಲಾ ಎರಡು ಸ್ವೆಟರ್, ಒಂದು ಶಾಲು ಹೊದ್ದು, ಎದೆ ಹಿಡಿದುಕೊಂಡು ಕೆಮ್ಮುತ್ತಾ ಬಾಗಿಲು ತೆಗೆದರು. ಡಾಕ್ಟರು ಬಂದು ನೋಡಿ ಹೋಗಿದ್ದಾರೆ, ಬರೀ ಶೀತ, ಮಾತ್ರೆ ನುಂಗುತ್ತಿದ್ದೇನೆ ಎಂದರು. ಸುದ್ದಿ ಕೇಳಿ ಅವಳ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟರು, ಮತ್ತೆ ಕೆಮ್ಮಿದರು.

ಕ್ಲೆಯೊನೀಕಿ ಆ ಕೆಮ್ಮನ್ನು ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆಗೆ ನುಗ್ಗಿ ಲೋಟ, ಮುಳ್ಳುಚಮಚ, ಹತ್ತಿ, ಸ್ಪಿರಿಟ್ಟಿನ ಬಾಟಲಿ ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ಬಂದಳು.

"ಸ್ವೆಟರ್ ತೆಗೆದು ಬೋರಲು ಮಲಕ್ಕೊಳ್ಳಿ ಟೀಚರ್."

"ಏನೇ ಇದು? ಇದರಿಂದ ಏನೂ ಆಗಲ್ಲ ಅಂತ ಪರೀಕ್ಷೇಲಿ ನೀನೇ ಬರೆದು ಬಂದ್ಯಲ್ಲೇ!"

"ಅದು ಅವನ ಉತ್ತರ. ಇದು ನಂದು. ಮಲಕ್ಕೊಳ್ಳಿ."

ಇಡೀ ಊರನ್ನು ಗದರಿಸಿದ ಹೆಂಗಸು ಬಾಯಿ ಮುಚ್ಚಿಕೊಂಡು ಮಲಗಿದರು. ಮೂಳೆ ಎದ್ದ ಆ ಬೆನ್ನಿನ ಮೇಲೆ ಕ್ಲೆಯೊನೀಕಿ ಒಂದೊಂದಾಗಿ ಲೋಟ ಮಗುಚಿದಳು. ಹೊದಿಕೆ ಹೊದಿಸಿ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಕೆಳಗಿನ ಒಲೆಯಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಕೆಮ್ಮು ಮೆಲ್ಲಗೆ ಇಳಿಯಿತು.

"ಅವನು ಹೇಳಿದ್ದೇ ಸರಿ ಕಣೆ," ಎಂದರು ಥೆಕ್ಲಾ, ದಿಂಬಿನಲ್ಲಿ ಮುಖವಿಟ್ಟುಕೊಂಡೇ. "ಈ ಲೋಟದಲ್ಲಿ ಏನೂ ಇಲ್ಲ."

ಕ್ಲೆಯೊನೀಕಿ ಬಾಯಿ ತೆರೆದಳು. ತೆರೆದ ಬಾಯಿಯನ್ನು ಮುಚ್ಚಿದಳು.

"ಈ ಊರಲ್ಲಿ ನನ್ನ ಕೈಯಲ್ಲಿ ಕಲೀದೇ ಇರೋರು ಯಾರಿದ್ದಾರೆ ಹೇಳು? ಎಲ್ಲರಿಗೂ ನಾನು ಟೀಚರ್. ದಾರೀಲಿ ಸಿಕ್ರೆ ನಮಸ್ಕಾರ ಹಾಕಿ ಪಕ್ಕಕ್ಕೆ ಸರೀತಾರೆ. ಮಲಗಿದ್ದೀನಿ ಅಂತ ಗೊತ್ತಾಗಿ ಕೆಳಗಿನವನು ಕಡುಬು ಕಳಿಸಿದ, ಡಾಕ್ಟರ್ ಮಾತ್ರೆ ಕೊಟ್ಟ. ಕೂರ್ತೀನಿ ಅಂದೋರು ಯಾರೂ ಇಲ್ಲ. ನನ್ನ ಬೆನ್ನು ಯಾರಾದ್ರೂ ಮುಟ್ಟಿ ಎಷ್ಟು ಕಾಲ ಆಯ್ತೋ, ನನಗೇ ನೆನಪಿಲ್ಲ. ಕೆಮ್ಮು ಇಳೀತಿರೋದು ಅದಕ್ಕೆ. ಲೋಟಕ್ಕಲ್ಲ."

ಕ್ಲೆಯೊನೀಕಿ ಅಷ್ಟನ್ನೂ ಕೇಳಿದಳು. ಥೆಕ್ಲಾ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೂ ಒಂದು ಮಾತು ತೂರಿಸದೆ, ಕೊನೆಯವರೆಗೆ ಕೇಳಿದಳು. ಹೊದಿಕೆಯನ್ನು ಅವರ ಹೆಗಲವರೆಗೆ ಎಳೆದಳು.

"ಮುಗೀತಾ ಟೀಚರ್?"

"ಮುಗೀತು."

"ಹಾಗಾದ್ರೆ ಈಗ ನಾನ್ ಹೇಳೋದು ಕೇಳಿ," ಎಂದು ಕ್ಲೆಯೊನೀಕಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.